ದೊಡ್ಡಮ್ಮನ ಪೆನ್ಸಿಲ್ ಗೀರು

ನಮ್ಮ ದೊಡ್ಡಪ್ಪನಿಗೆ ಮನೆಯವರೆಲ್ಲ ಇಟ್ಟ ಹೆಸರು ಭೂತಗನ್ನಡಿ. ಹಳೆಯ ಪಿಯಾನೊ ಕೃತಿಗಳನ್ನು ಪರಿಷ್ಕರಿಸಿ ಅಚ್ಚು ಹಾಕುವ ಪ್ರಕಾಶನದಲ್ಲಿ ಮೂವತ್ತು ವರ್ಷದಿಂದ ಅವರ ಕೆಲಸ. ಹಸ್ತಪ್ರತಿ, ಮೊದಲ ಮುದ್ರಣ, ಶಿಷ್ಯರ ಪ್ರತಿಗಳನ್ನು ಮೇಜಿನ ತುಂಬ ಹರಡಿಕೊಂಡು, ರಚನೆಕಾರ ನಿಜಕ್ಕೂ ಬಯಸಿದ್ದು ಯಾವ ಸ್ವರ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ತಮಾಷೆಯೆಂದರೆ ಅವರಿಗೆ ಪಿಯಾನೊ ನುಡಿಸಲು ಬಾರದು, ಕಿವಿಯೂ ಅಷ್ಟಕ್ಕಷ್ಟೇ. ಯಾರಾದರೂ ಕೆಣಕಿದರೆ, "ಕಿವಿಗೆ ಅವಳಿದಾಳಲ್ಲ" ಎಂದು ದೊಡ್ಡಮ್ಮನತ್ತ ಕೈ ತೋರಿಸುತ್ತಿದ್ದರು. ದೊಡ್ಡಮ್ಮ ಪಿಯಾನೊ ಪಾಠ ಹೇಳುತ್ತಿದ್ದವರು. ಅವರು ತೀರಿಕೊಂಡು ಎರಡು ವರ್ಷವಾಯಿತು.

ಈ ಸಲ ಒಂದೇ ಒಂದು ಸ್ವರ ದೊಡ್ಡಪ್ಪನ ತಲೆ ತಿಂದುಬಿಟ್ಟಿತು. ಹಸ್ತಪ್ರತಿಯಲ್ಲಿ ಒಂದು ಕಡೆ ಎಡಗೈ ಒಟ್ಟಿಗೆ ಒತ್ತಬೇಕಾದ ಸ್ವರ ನಾಲ್ಕು. ಶಿಷ್ಯೆಯೊಬ್ಬಳ ಪ್ರತಿಯಲ್ಲಿ ಅವುಗಳ ಪೈಕಿ ಕೆಳಗಿನದಕ್ಕೆ ರಚನೆಕಾರನೇ ಪೆನ್ಸಿಲ್ ಗೀರು ಎಳೆದಿದ್ದಾನೆ. ಮನಸ್ಸು ಬದಲಾಯಿಸಿದನೋ, ಹುಡುಗಿಯ ಕೈ ಚಿಕ್ಕದೆಂದು ಬಿಟ್ಟನೋ? ಮನಸ್ಸು ಬದಲಾಗಿದ್ದರೆ ಸ್ವರವನ್ನು ತೆಗೆಯಬೇಕು, ಇಲ್ಲದಿದ್ದರೆ ಇಡಲೇಬೇಕು. ಶುಕ್ರವಾರ ಪುಟ ಅಚ್ಚಿಗೆ. ದೊಡ್ಡಪ್ಪ ಬೆಳಿಗ್ಗೆ ಸ್ವರ ಹಾಕಿಸಿ ಮಧ್ಯಾಹ್ನ ತೆಗೆಸುತ್ತಿದ್ದರು. "ಏನಾದ್ರೂ ಒಂದು ಹೇಳಿ ಸಾರ್" ಎಂದು ಅಚ್ಚಿನವರು ಗೋಗರೆದರು.

ಗುರುವಾರ ಸಂಜೆ ದೊಡ್ಡಪ್ಪ ತಮ್ಮ ಮಗಳನ್ನು ಪಿಯಾನೊ ಮುಂದೆ ಕೂರಿಸಿದರು. ಚಿಕ್ಕಂದಿನಲ್ಲಿ ಕಲಿತ ಅದೇ ಕೃತಿಯನ್ನು ಅವಳು ನುಡಿಸಿದಳು. ದೊಡ್ಡಪ್ಪ ಅವಳ ಎಡಗೈ ಬೆರಳು ಎಣಿಸುತ್ತಿದ್ದರು.

"ಮೂರೇ ಒತ್ತಿದೆಯಲ್ಲೇ!"

"ಅಮ್ಮ ಹೊಡೆದುಹಾಕಿದಾಳೆ, ನೋಡು." ಅವಳ ಹಳೆಯ ಪುಸ್ತಕದಲ್ಲೂ ಅದೇ ಸ್ವರಕ್ಕೆ ಪೆನ್ಸಿಲ್ ಗೀರು. "ಎಂಟು ವರ್ಷದವಳಿದ್ದೆ, ಕೈ ಎಟುಕ್ತಿರ್ಲಿಲ್ಲ."

"ಅದೇ ಮತ್ತೆ! ಕೈ ಚಿಕ್ಕದು, ಅಷ್ಟೇ!" ದೊಡ್ಡಪ್ಪ ಗೆದ್ದವರಂತೆ ಎದ್ದು ನಿಂತರು.

"ಆದ್ರೆ ಅಪ್ಪಾ, ಆಮೇಲೆ ಅಮ್ಮ ಒಬ್ಬಳೇ ನುಡಿಸುವಾಗ್ಲೂ ಅದನ್ನ ಬಿಟ್ಟೇ ನುಡಿಸ್ತಿದ್ಲು. ಇದೇ ಚೆನ್ನಾಗಿದೆ ಅಂತಿದ್ಲು. ನೀನು ಪಕ್ಕದ ಕೋಣೇಲೇ ಇರ್ತಿದ್ಯಲ್ಲ!"

ದೊಡ್ಡಪ್ಪ ಕುಳಿತುಬಿಟ್ಟರು.

ಶುಕ್ರವಾರ ಆ ಸ್ವರ, ನುಡಿಸಿದರೂ ಸರಿ ಬಿಟ್ಟರೂ ಸರಿ ಎಂಬಂತೆ, ಸಣ್ಣ ಗಾತ್ರದಲ್ಲಿ ಅಚ್ಚಾಯಿತು. ಅಡಿಟಿಪ್ಪಣಿಯಲ್ಲಿ "ರಚನೆಕಾರ ಯಾಕೆ ಹೊಡೆದುಹಾಕಿದ್ದಾನೋ ಗೊತ್ತಿಲ್ಲ" ಎಂದು ದೊಡ್ಡಪ್ಪ ಬರೆದರು. ಗೊತ್ತಿಲ್ಲ ಎಂದು ಅವರು ಅಚ್ಚು ಹಾಕಿಸಿದ್ದು ಅದೇ ಮೊದಲು.

ಈಗ ದಿನಾ ಸಂಜೆ ಮಗಳು ಎರಡೂ ಬಗೆಯಲ್ಲಿ ನುಡಿಸುತ್ತಾಳೆ. ದೊಡ್ಡಪ್ಪ ಪಿಯಾನೊಗೆ ಬೆನ್ನು ಹಾಕಿ ಕೂತು, "ಇದಾ ಅಮ್ಮಂದು?" ಎಂದು ಕೇಳುತ್ತಾರೆ. ಹತ್ತಕ್ಕೆ ಆರು ಸಲ ತಪ್ಪು.