ಮಾವನ ಬೈಕು ನಿಲ್ಲುತ್ತಿದ್ದ ಜಾಗಗಳು

ಮಿಡಿಗೇಶಿ ದಾಟಿ ಮಧುಗಿರಿ ಕಡೆಗೆ ಹೋಗುವ ಏರಿನಲ್ಲಿ ಬೈಕು ಮತ್ತೆ ನಿಂತಿತು. ಮೊದಲು ಒಂದು ಜಗ್ಗು, ಆಮೇಲೆ ಕೆಮ್ಮು, ಕೊನೆಗೆ ಬರೀ ಚೈನಿನ ಸದ್ದು. ಇಳಿದು ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ. ಪೆಟ್ರೋಲು ಬೇಕಾದಷ್ಟಿತ್ತು. ಮುಚ್ಚಳ ಹಾಕಿ, ಡೈರಿಯಲ್ಲಿ ತಾರೀಕು, ಜಾಗ, ಪೆಟ್ರೋಲಿನ ಮಟ್ಟ ಬರೆದುಕೊಂಡು ಕಿಕ್ ಹೊಡೆದೆ. ಶುರುವಾಯಿತು. ಅಳು ಬರಿಸುತ್ತಿದ್ದದ್ದು ಅದೇ. ಏನೂ ಆಗಿಲ್ಲವೆಂಬಂತೆ ಶುರುವಾಗುತ್ತಿತ್ತು, ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುತ್ತಿತ್ತು.

ಅದು ಅಮ್ಮನ ಅಣ್ಣನ ಬೈಕು. ಗೌರಿ ಹಬ್ಬಕ್ಕೆ ಅಮ್ಮನನ್ನು ಕೊರಟಗೆರೆಯ ತವರಿಗೆ ಕರೆದೊಯ್ಯಲು ಮಾವ ಅದರಲ್ಲೇ ಬರುತ್ತಿದ್ದರು. ಅವರು ತೀರಿಕೊಂಡಾಗ ಅಮ್ಮ ತವರಿನಿಂದ ಕೇಳಿ ತಂದದ್ದು ಅದೊಂದನ್ನೇ. ಅಂದಿನಿಂದ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಸುಮ್ಮನೆ ನಿಂತಿತ್ತು. ಆಯುಧಪೂಜೆಗೂ ಹಬ್ಬ ಹುಣ್ಣಿಮೆಗೂ ಅಮ್ಮ ಅದರ ಟ್ಯಾಂಕಿನ ಮುಚ್ಚಳಕ್ಕೆ ಅರಿಶಿನ ಕುಂಕುಮ ಇಡುತ್ತಿದ್ದಳು. ಕೆಲವೊಮ್ಮೆ ಅಲ್ಲೇ ಕೂತುಬಿಡುತ್ತಿದ್ದಳು.

ಅಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ. "ಓಡ್ದೆ ಇರೋ ಗಾಡಿ ಮುಂದೆ ನಿಮ್ಮಮ್ಮ ಕಣ್ಣೀರಾಕೋದ ನಾನ್ ನೋಡಕಾಗಕಿಲ್ಲ ಕಣಮ್ಮ. ಸೋಮವಾರ ಸಿರಾದಿಂದ ಗುಜರಿಯೋನು ಬತ್ತಾನೆ. ಅಷ್ಟ್ರೊಳಗೆ ತಳ್ಳದಂಗೆ ಕೊರಟಗೆರೆಗೆ ಹೋಗಿ ಬಂದ್ರೆ ಇರ್ಲಿ. ಇಲ್ಲಾಂದ್ರೆ ಕೊಟ್ಬುಡಾನ."

ಅಮ್ಮ ನನ್ನ ಮುಖ ನೋಡಿದಳು. ಅಂದೇ ಬೈಕನ್ನು ಕೋಣೆಯಿಂದ ಹೊರಗೆ ತೆಗೆದು ರಿಪೇರಿಗೆ ಕೂತೆ.

ನಾನು ಮಧುಗಿರಿಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು ಎನ್ನುವುದು ನಾನು ಕಲಿತ ರೀತಿ. ಬಸ್‌ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ಕಿಗೆ ಸ್ಪಾರ್ಕ್ ಪ್ಲಗ್ ಬಿಚ್ಚಿ ತೋರಿಸಿದ್ದೆ. "ಪ್ಲಗ್ ಬೆಳ್ಳಗೈತೆ. ಇಂಜಿನ್‌ಗೆ ಪೆಟ್ರೋಲ್ ಸಾಲ್ತಿಲ್ಲ. ಕಾರ್ಬೊರೇಟರ್ರೇ ಕಣಮ್ಮ, ಇನ್ನೇನು" ಅಂದಿದ್ದ. ಹಾಗಾಗಿ ಟ್ಯಾಂಕಿನ ಪೆಟ್ರೋಲನ್ನು ಇಂಜಿನ್ನಿಗೆ ಹಾಯಿಸುವ ಕಾರ್ಬೊರೇಟರನ್ನೇ ಹಿಡಿದು ಕೂತೆ. ಪೆಟ್ರೋಲು ಚಿಮ್ಮುವ ಜೆಟ್ ತೊಳೆದೆ; ನಿಂತಿತು. ಹೊಸ ಜೆಟ್ ಹಾಕಿದೆ, ನಿಂತಿತು. ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಬದಲಿಸಿದೆ, ನಿಂತಿತು. ನಿಂತಾಗಲೆಲ್ಲ ಕಾರ್ಬೊರೇಟರಿನ ಬಟ್ಟಲು ಬಿಚ್ಚಿ ನೋಡಿದರೆ ತುಂಬಿರುತ್ತಿತ್ತು. ಬಟ್ಟಲು ತುಂಬಿದೆ, ಇಂಜಿನ್ ಉಪವಾಸ ಸಾಯುತ್ತಿದೆ. ಇನ್ನೂ ವಿಚಿತ್ರವೆಂದರೆ, ಟ್ಯಾಂಕಿನಲ್ಲಿ ಪೆಟ್ರೋಲು ಹೆಚ್ಚಿದ್ದಷ್ಟೂ ಬೈಕು ಬೇಗ ನಿಲ್ಲುತ್ತಿತ್ತು. ಬರೆದದ್ದನ್ನೇ ಮತ್ತೆ ಮತ್ತೆ ಓದಿದೆ, ಯಾವುದಕ್ಕೂ ಯಾವುದೂ ಹೊಂದಲಿಲ್ಲ.

ಲ್ಯಾಬಿನಲ್ಲಿ ಅಜ್ಜಿಯೊಬ್ಬಳು ತೋಳು ಚಾಚಿ, "ಸೂಜಿಗೆ ಪೆಟ್ರೋಲ್ ಹಚ್ಚೀಯೇನವ್ವಾ, ಅಂಗೆ ನಾರ್ತೀಯಲ್ಲ" ಅಂದಳು. ಏರಿನಲ್ಲಿ ನಿಂತ ಬೈಕನ್ನು ಬಟ್ಟಲು ಬಿಚ್ಚಲೆಂದು ನೆರಳಿಗೆ ತಳ್ಳಿಕೊಂಡು ಹೋಗುವಾಗ ಕುರಿ ಕಾಯುವವನು ಕೂಗಿದ, "ಗಾಡಿ ಮೇಯ್ಸಾಕೆ ಹೊಂಟ್ಯಾ? ಈ ಕಡೆ ಹುಲ್ಲಿಲ್ಲ ಕಣಮ್ಮೋ!" ನಗಬೇಕೆನಿಸಿತು, ಆದರೆ ತಲೆಯೆತ್ತದೆ ತಳ್ಳುತ್ತಲೇ ಹೋದೆ.

ನನ್ನ ಹತಾಶೆ ಹೆಚ್ಚಿದಂತೆ ಅಮ್ಮನ ಪೂಜೆಯೂ ಹೆಚ್ಚಿತು. ನಾನು ಬೈಕು ಹೊರಗೆ ತೆಗೆದಾಗಲೆಲ್ಲ "ತಡಿ" ಎಂದು ಓಡಿಬಂದು ಮುಚ್ಚಳಕ್ಕೆ ಹೊಸದಾಗಿ ಕುಂಕುಮ ಇಡುವಳು. ಟ್ಯಾಂಕಿಗೆ ಬಣ್ಣ ಹೊಡೆಯುವ ದಿನವೂ ಹೇಳಿದ್ದಳು: "ಎಲ್ಲಾನಾ ಬಳ್ಕೋ, ಮುಚ್ಚಳ ಮಾತ್ರ ಮುಟ್ಬ್ಯಾಡ. ಅದು ನಿಮ್ಮಾವನ ಹಣೆ ಇದ್ದಂಗೆ."

ಭಾನುವಾರ, ಉಳಿದಿದ್ದ ಒಂದೇ ದಿನ, ಬಂಕಿನಲ್ಲಿ ಟ್ಯಾಂಕು ತುಂಬಿಸಿ ಕೊರಟಗೆರೆಗೆ ಹೊರಟೆ. ಏರು ಕೂಡ ಬಂದಿರಲಿಲ್ಲ, ನಿಂತುಹೋಯಿತು. ಈಗಷ್ಟೇ ತುಂಬಿಸಿದ್ದರಿಂದ ಪೆಟ್ರೋಲು ನೋಡುವ ಅಗತ್ಯವಿರಲಿಲ್ಲ. ಕಿಕ್ ಹೊಡೆದೆ. ಶುರುವಾಗಲಿಲ್ಲ. ಕಾಲು ಸೋಲುವವರೆಗೆ ಹೊಡೆದೆ. ಇಷ್ಟು ದಿನ ಶುರುವಾಗುತ್ತಾದರೂ ಇತ್ತು. ಈಗ ಅದೂ ಇಲ್ಲ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಅತ್ತೆ. ಗುಜರಿಯವನು ಗಾಡಿಯನ್ನು ತಿರುವಿ ಮುರುವಿ ನೋಡಿ ಲಗೇಜ್ ಆಟೋಗೆ ಎಸೆಯುವುದು, ಅಮ್ಮ ಬಾಗಿಲಲ್ಲಿ ನಿಂತಿರುವುದು, ಎಲ್ಲ ಕಣ್ಣ ಮುಂದೆ ಬಂತು.

ಅಳು ನಿಂತ ಮೇಲೆ ಲ್ಯಾಬಿನ ಅಭ್ಯಾಸ ತಲೆಯೆತ್ತಿತು. ಇವತ್ತು ಬದಲಾಗಿದ್ದು ಏನು? ಮುಚ್ಚಳ ತೆಗೆದು ನೋಡಿರಲಿಲ್ಲ. ಬದಲಾವಣೆ ಅದೊಂದೇ.

ಎದ್ದು ಮುಚ್ಚಳ ತಿರುಗಿಸಿದೆ. ಸ್ಸ್ ಎಂದು ಟ್ಯಾಂಕು ಗಾಳಿ ಒಳಗೆಳೆದುಕೊಂಡಿತು. ಕಿಕ್ ಹೊಡೆದೆ, ಶುರುವಾಯಿತು.

ಪೆಟ್ರೋಲು ಕೆಳಗಿಳಿಯಬೇಕಾದರೆ ಆ ಜಾಗಕ್ಕೆ ಮೇಲಿನಿಂದ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದ ನಡುವೆ ಸೂಜಿಯಷ್ಟು ತೂತಿರುತ್ತದೆ. ನಮ್ಮದನ್ನು ಬಿಸಿಲಿಗೆ ಹಿಡಿದರೆ ಬೆಳಕು ತೂರಲಿಲ್ಲ. ಮಾವ ಹೋದಂದಿನಿಂದ ಅಮ್ಮ ಇಟ್ಟ ಕುಂಕುಮ ಪದರ ಪದರವಾಗಿ ಕಲ್ಲಾಗಿ ಕೂತಿತ್ತು. ಪ್ರತಿ ಸಲ ನಾನು ಮುಚ್ಚಳ ತೆಗೆದಾಗ ಗಾಳಿ ಒಳಹೋಗಿ, ಬಟ್ಟಲು ತುಂಬಿ, ಕಾರ್ಬೊರೇಟರ್ ಮೇಲೆ ಅನುಮಾನ ಉಳಿಯುತ್ತಿತ್ತು. ಟ್ಯಾಂಕು ತುಂಬಿದ್ದಷ್ಟೂ ಒಳಗೆ ಗಾಳಿ ಕಡಿಮೆ, ಅದಕ್ಕೇ ಬೇಗ ನಿಲ್ಲುತ್ತಿತ್ತು. ವೇಲಿನ ಸೇಫ್ಟಿ ಪಿನ್ ಬಿಚ್ಚಿದೆ. ಚುಚ್ಚಲು ಕೈ ಬರಲಿಲ್ಲ. ಆಮೇಲೆ ಕಣ್ಣು ಮುಚ್ಚಿದಂತೆ ಮಾಡಿ ಚುಚ್ಚಿದೆ, ಕೆರೆದೆ, ಒರೆಸಿದೆ. ಕೊರಟಗೆರೆಗೆ ಹೋಗದೆ ಮನೆಗೆ ತಿರುಗಿದೆ. ಅಮ್ಮನಿಗೆ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

"ಮುಚ್ಚಳ ಯಾಕಿಂಗೆ ಬೋಳಾಗೈತೆ?" ಅಮ್ಮ ಬಾಗಿಲಲ್ಲೇ ಕೇಳಿದಳು.

ಹೇಳಿದೆ. ಅವಳು ಬಹಳ ಹೊತ್ತು ಆ ತೂತನ್ನು ಹೆಬ್ಬೆರಳಲ್ಲಿ ಸವರುತ್ತ ನಿಂತಳು. "ಅಂಗಾರೆ ಇಷ್ಟ್ ದಿನ ನಿಲ್ಲುಸ್ತಿದ್ದೋಳು ನಾನೇಯಾ?"

"ನಾನೂವೆ ಕಣಮ್ಮ. ಸರ್ತಿ ಸರ್ತಿಗೂ ಮುಚ್ಚಳ ತೆಗೆದು ಪೆಟ್ರೋಲ್ ನೋಡ್ದೆ, ಕೈಯಾಗಿದ್ದ ಮುಚ್ಚಳ ನೋಡ್ಲಿಲ್ಲ."

ಸೆರಗಿನಲ್ಲಿ ಮೂಗೊರೆಸಿಕೊಂಡು ಕೇಳಿದಳು: "ಈಗ ಕುಂಕುಮ ಎಲ್ಲಿಗಿಕ್ಲಿ?"

ಹೆಡ್‌ಲೈಟಿನ ಮೇಲೆ ತೋರಿಸಿದೆ.

"ಅಲ್ಲೇನೂ ತೂತಿಲ್ವಾ?"

"ಇಲ್ಲಮ್ಮ."

"ಸರ್ಯಾಗ್ ನೋಡ್ ಹೇಳು."

ಸೋಮವಾರ ಬೆಳಿಗ್ಗೆ ಹಿಂದೆ ಅಮ್ಮನನ್ನು ಕೂರಿಸಿಕೊಂಡು ಹೊರಟೆ. ನಿಂತಿದ್ದ ಜಾಗಗಳು ಒಂದೊಂದಾಗಿ ಬಂದವು. ಪ್ರತಿಯೊಂದರಲ್ಲೂ ಅಮ್ಮನ ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿಯಿತು. ಮಧುಗಿರಿ ಬೆಟ್ಟ ಹಿಂದಾಯಿತು. ಕೊರಟಗೆರೆಯಲ್ಲಿ ಮಾವನ ಮನೆ ಮುಂದೆ ನಿಲ್ಲಿಸುವಾಗಲೇ ಅಪ್ಪನ ಫೋನು ಬಂತು. ಅಮ್ಮ ಕಿತ್ತುಕೊಂಡಳು.

"ಗುಜರಿಯೋನು ಬಂದವ್ನೆ, ಗಾಡಿ ಎಲ್ಲಿ?"

"ನಮ್ಮಣ್ಣನ ಮನೆ ಮುಂದೈತೆ."

"ತಳ್ಕಂಡು ಹೋದ್ರಾ?"

"ಕುಂತ್ಕಂಡು ಬಂದ್ವಿ."

"ವಾಪಸ್ ಬರಾದು ಇನ್ನೂ ಐತೆ" ಅಂದರು ಅಪ್ಪ.

ಅಮ್ಮ ಒಳಗೆ ಹೋದಳು. ನಾನು ಪಿನ್ ತೆಗೆದು ಮುಚ್ಚಳದ ತೂತಿಗೆ ಮತ್ತೊಮ್ಮೆ ಹಾಕಿ ನೋಡಿದೆ.