ಪೆಡಲಕ್ಕನ ಎಡಗಾಲು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನಲ್ಲಿ ನಿಂತ ಹಳೇ ಲಾರಿಯ ಅಡಿಯಿಂದ ಎರಡು ಕಾಲು ಮಾತ್ರ ಆಚೆ ಚಾಚಿವೆ; ಅವು ಮೇಸ್ತ್ರಿಯವು. ಮೇಲೆ ಡ್ರೈವರ್ ಸೀಟಿನಲ್ಲಿ ಬರಿಗಾಲಲ್ಲಿ ಕೂತಿರುವವರು ಅವರ ಹೆಂಡತಿ. ಲಾರಿಯವರೆಲ್ಲ ಕರೆಯುವುದು ‘ಪೆಡಲಕ್ಕ’ ಎಂದೇ.

“ಒತ್ತು!”

“ಒತ್ತಿದೆ.”

“ಹಿಡ್ಕೋ... ಹಿಡ್ಕೋ... ಹ್ಞಾಂ, ಬಿಡು!”

“ಬಿಟ್ಟೆ.”

ಈ ಲಾರಿಯ ಕ್ಲಚ್ಚಿನ ಕೆಳಗಿನ ಸಿಲಿಂಡರ್ ಸೋರುತ್ತಿತ್ತು. ಹೊಸದನ್ನು ಕೂರಿಸಿ, ಕಾಡಿಗೆಯಂತಾದ ಹಳೇ ಆಯಿಲ್ ಚೆಲ್ಲಿ, ಹೊಸ ಆಯಿಲ್ ತುಂಬಿದ್ದಾಗಿದೆ. ಉಳಿದದ್ದು ಒಳಗೆ ಸೇರಿಕೊಂಡ ಗಾಳಿ ತೆಗೆಯುವ ಕೆಲಸ. ಮೇಲಿನವರು ಪೆಡಲ್ ಒತ್ತಿ ಹಿಡಿದಾಗ ಕೆಳಗಿನವರು ಸಿಲಿಂಡರಿನ ನಿಪ್ಪಲ್, ಅಂದರೆ ಗಾಳಿ ಬಿಡುವ ತಿರುಪು, ಸಡಿಲಿಸಬೇಕು. ಗುಳ್ಳೆ ಸಮೇತ ಆಯಿಲ್ ಅದಕ್ಕೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಹೊರಬರುತ್ತದೆ. ನಿಪ್ಪಲ್ ಬಿಗಿಯುವ ಮೊದಲೇ ಕಾಲು ಎತ್ತಿದಿರೋ, ಹೋದ ಗಾಳಿ ವಾಪಸ್ ಒಳಗೆ! ಮಾಡಿದ್ದೆಲ್ಲ ನೀರಲ್ಲಿ ಹೋಮ. ಆದರೂ ಜನ ಹೊಗಳುವುದು ಕೆಳಗೆ ಮಲಗಿದವರನ್ನು. ಪೆಡಲ್ ಒತ್ತಿದವರನ್ನು ಯಾರು ಕೇಳುತ್ತಾರೆ ಹೇಳಿ?

“ಮದುವೆಯಾದ ಹೊಸದರಲ್ಲಿ ಊಟದ ಡಬ್ಬಿ ಕೊಡೋಕೆ ಬಂದಿದ್ದೆ. ‘ಒಂದು ನಿಮಿಷ ಹತ್ತಿ ಕೂತ್ಕೋ’ ಅಂದ್ರು. ಆ ಒಂದು ನಿಮಿಷ ಇನ್ನೂ ಮುಗಿದಿಲ್ಲ ನೋಡಿ” ಎಂದು ನಗುತ್ತಾರೆ ಪೆಡಲಕ್ಕ. ಮಕ್ಕಳು ದೊಡ್ಡವರಾದರು, ಶೆಡ್ಡಿನ ತಗಡು ಬದಲಾಯಿತು, ಆಕೆಯ ಜಾಗ ಮಾತ್ರ ಅದೇ. ದಿನಕ್ಕೆ ಎರಡೋ ಮೂರೋ ಲಾರಿ. ಮೇಸ್ತ್ರಿ ಕಣ್ಣಲ್ಲಿ ಗುಳ್ಳೆ ನೋಡುತ್ತಾರೆ, ಈಕೆ ಕಾಲಲ್ಲಿ ಗಾಳಿ ಹಿಡಿಯುತ್ತಾರೆ. ಇಷ್ಟು ವರ್ಷ ಎರಡೂ ಒಂದೇ ಮಾತು ಹೇಳುತ್ತಿದ್ದವು.

ಇವತ್ತು ಹೇಳುತ್ತಿಲ್ಲ.

“ಮುಗೀತು, ಇಳಿ” ಎನ್ನುತ್ತಾರೆ ಮೇಸ್ತ್ರಿ.

“ಇನ್ನೂ ಗಾಳಿ ಇದೆ ರೀ.”

“ಎಲ್ಲಿದೆಯೇ? ಪೈಪಲ್ಲಿ ಹುಡುಕಿದ್ರೂ ಒಂದು ಗುಳ್ಳೆ ಇಲ್ಲ!”

“ಪೆಡಲ್ ಮೆತ್ತಗಿದೆ.”

“ನಿನ್ನ ಕಾಲೇ ಮೆತ್ತಗಾಗಿದೆ ಕಣೇ.”

ತಮಾಷೆಗೆ ಆಡಿದ ಮಾತು. ಆದರೆ ಪೆಡಲಕ್ಕನಿಗೆ ಅದು ತಮಾಷೆಯಲ್ಲ. ಸಕ್ಕರೆ ಕಾಯಿಲೆಯಿಂದ ಆಕೆಯ ಪಾದ ಸ್ಪರ್ಶಜ್ಞಾನ ಕಳೆದುಕೊಳ್ಳುತ್ತಿದೆ. ಮೊನ್ನೆ ಎಡಗಾಲಿನ ಚಪ್ಪಲಿ ಕಳಚಿಬಿದ್ದದ್ದೂ ತಿಳಿಯದೆ ಅಂಗಡಿಯವರೆಗೆ ನಡೆದು ಹೋಗಿದ್ದರು. ಗಂಡನಿಗೆ ಹೇಳಿಲ್ಲ. ಹೇಳಿದರೆ ಈ ಸೀಟು ಹೋಗುತ್ತದೆ. ಸುಮ್ಮನಿದ್ದು ಕಾಲೇ ಸುಳ್ಳು ಹೇಳಿದರೆ? ಲೋಡು ಹೊತ್ತ ಲಾರಿ ಬೆಟ್ಟದ ಇಳಿಜಾರಿನಲ್ಲಿ ಗೇರ್ ಬೀಳದೆ ನುಗ್ಗಿದರೆ? ಅಯ್ಯೋ, ಯೋಚಿಸಿದಷ್ಟೂ ತಲೆ ಕಲಸುಮೇಲೋಗರವಾಗುತ್ತದೆ.

ಮತ್ತೆ ಮೊದಲಿಂದ ಒತ್ತು, ಹಿಡಿ, ಬಿಡು. ಪೈಪಿನಲ್ಲಿ ಶುದ್ಧ ಆಯಿಲ್, ಕಾಲಡಿಯಲ್ಲಿ ಅದೇ ಮೆತ್ತನೆ. “ನೀನು ಬೇಗ ಬಿಡ್ತಿದ್ದೀಯ” ಎಂದು ಇವರು, “ನೀವು ನಿಧಾನ ಬಿಗೀತಿದ್ದೀರ” ಎಂದು ಅವರು. ಎತ್ತು ಏರಿಗೆ, ಕೋಣ ನೀರಿಗೆ.

ಹೊರಗೆ ಕಾದು ಸಾಕಾದ ಲಾರಿಯ ಡ್ರೈವರ್ ತಾನೇ ಹತ್ತಿ, ಪೆಡಲಕ್ಕನನ್ನು ಪಕ್ಕದ ಸೀಟಿಗೆ ಸರಿಸಿ, ಪೆಡಲನ್ನು ದಬದಬ ತುಳಿಯುತ್ತಾನೆ. “ಗಟ್ಟಿಯಾಗೇ ಇದೆಯಲ್ಲ ಪೆಡಲಕ್ಕ! ಹೊರಡ್ತೀನಿ.”

“ಹಾಗೆ ತುಳಿದ್ರೆ ಯಾವ ಪೆಡಲಾದ್ರೂ ಎದ್ದು ನಿಲ್ಲುತ್ತಪ್ಪ, ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಮೆತ್ತಗಾಗುತ್ತೆ. ಇಳಿದು ಟೀ ಕುಡ್ಕೊಂಡು ಬಾ. ಬಂದು ಒಂದೇ ಸಲ ಒತ್ತಿ ರಿವರ್ಸ್ ಹಾಕು. ಬಿದ್ರೆ ಹೋಗು, ನಾನು ಬೇಡ ಅನ್ನಲ್ಲ.” ದನಿ ಗಟ್ಟಿಯಾಗಿಯೇ ಇದೆ, ಕಣ್ಣು ಮಾತ್ರ ತನ್ನ ಎಡಗಾಲಿನ ಮೇಲೇ ಇದೆ.

ಡ್ರೈವರ್ ಟೀ ಕುಡಿದು ಬರುತ್ತಾನೆ. ಎಂಜಿನ್ ಶುರು. ಒಂದೇ ಸಲ ಒತ್ತಿ ರಿವರ್ಸಿಗೆ ಎಳೆಯುತ್ತಾನೆ. ಕರ್‍ರ್‍ರ್! ಗೇರ್‌ಬಾಕ್ಸ್ ಹಲ್ಲು ಕಡಿದ ಸದ್ದಿಗೆ ಮೂವರೂ ಬೆಚ್ಚುತ್ತಾರೆ.

ಮೇಸ್ತ್ರಿ ಟಾರ್ಚ್ ಹಿಡಿದು ಮತ್ತೆ ಕೆಳಗೆ ನುಸುಳುತ್ತಾರೆ. ಸಿಲಿಂಡರನ್ನು ಸುತ್ತಲೂ ತಡವಿ ನೋಡುತ್ತಾರೆ. ಆಮೇಲೆ ಹಣೆ ಚಚ್ಚಿಕೊಂಡ ಸದ್ದು. “ಥತ್! ಸಿಲಿಂಡರ್ ತಲೆಕೆಳಗಾಗಿ ಕೂರಿಸಿಬಿಟ್ಟಿದ್ದೀನಿ ಕಣೇ. ಹೇಗಿಟ್ರೂ ಕೂರುತ್ತೆ ಹಾಳಾದ್ದು. ನಿಪ್ಪಲ್ ಕೆಳಗೆ, ಗಾಳಿ ಮೇಲೆ. ಎಲ್ಲಿಂದ ಬರಬೇಕು ಗುಳ್ಳೆ?” ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದು ಸುಮ್ಮನೆ ಅಲ್ಲ. ಸಿಲಿಂಡರ್ ಬಿಚ್ಚಿ ತಿರುಗಿಸಿ ಹಾಕಿದ ಮೇಲೆ ಗುಳ್ಳೆಗಳು ಬುಳುಬುಳು ಎಂದು ಬರುತ್ತವೆ. ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ. ಲಾರಿ ಹೊರಡುತ್ತದೆ.

ಶೆಡ್ಡು ಖಾಲಿಯಾದ ಮೇಲೆ ಪೆಡಲಕ್ಕ ಗಂಡನಿಗೆ ಎಲ್ಲ ಹೇಳಿಬಿಡುತ್ತಾರೆ. ಪಾದ, ಚಪ್ಪಲಿ, ಎಲ್ಲ. ಮೇಸ್ತ್ರಿ ಕಕ್ಕಾಬಿಕ್ಕಿ.

“ಪಾದಕ್ಕೇ ಗೊತ್ತಾಗಲ್ಲ ಅಂದ್ರೆ ಗಾಳಿ ಇದೆ ಅಂತ ಹೇಗೆ ಗೊತ್ತಾಯ್ತೇ?”

“ಮೊಣಕಾಲು ಹೇಳ್ತೋ, ಸೊಂಟ ಹೇಳ್ತೋ, ನನಗೂ ತಿಳೀಲಿಲ್ಲ ರೀ. ಪೆಡಲ್ ಹೋಗಬಾರದಷ್ಟು ಕೆಳಗೆ ಹೋಗ್ತಿತ್ತು, ಅಷ್ಟೇ.”

ಬೈಯಬೇಕೋ ಹೊಗಳಬೇಕೋ ತೋಚದೆ ಮೇಸ್ತ್ರಿ ಕೈಲಿದ್ದ ಸ್ಪ್ಯಾನರನ್ನೇ ಒರೆಸುತ್ತಾ ನಿಲ್ಲುತ್ತಾರೆ. ಕೊನೆಗೆ ಕೇಳುತ್ತಾರೆ, “ಹಾಗಾದ್ರೆ ಬೇರೆ ಯಾರನ್ನಾದ್ರೂ ಕೂರಿಸ್ಲಾ?”

“ಕಾಲು ಕೈಕೊಟ್ಟ ದಿನ ನಾನೇ ಹೇಳ್ತೀನಿ” ಎನ್ನುತ್ತಾರೆ ಪೆಡಲಕ್ಕ. “ನೀವೇ ಬಾಯಿಬಿಟ್ಟು ಹೇಳೋ ತನಕ ಕಾಯಲ್ಲ.”