ಬಿಷಪ್ಪರು ಮೆಟ್ಟಿಲೇರುವ ತನಕ

ಹೇವರ್ಡ್‌ನ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಗೆ ಇಟಲಿಯ ಮುದುಕನೊಬ್ಬ ಬಂದ. ಮೊದಲ ದಿನವೇ ಲಾಂಡ್ರಿ ರೂಮಿನಲ್ಲಿ ನನ್ನನ್ನು ತಿದ್ದಿದ. ನಾನು ‘ಸರ್’ ಎಂದಿದ್ದೆ, ಸಂಗೀತದ ಗುರುಗಳನ್ನು ಕರೆಯುವಂತೆ ‘ಮಾಯೆಸ್ಟ್ರೊ’ ಎನ್ನಬೇಕಂತೆ. ಕೈಯಲ್ಲಿ ಒದ್ದೆ ಕಾಲುಚೀಲ ಹಿಡಿದುಕೊಂಡೇ ತಾನು ಯಾರೆಂಬುದನ್ನು ವಿವರಿಸಿದ. ಉತ್ತರ ಇಟಲಿಯ ಒಂದು ಊರಿನ ದೊಡ್ಡ ಚರ್ಚಿನಲ್ಲಿ, ಬಿಷಪ್ಪರೇ ಪೂಜೆ ಮಾಡುವ ಕೆಥೀಡ್ರಲ್ಲಿನಲ್ಲಿ, ಮೂವತ್ತೈದು ವರ್ಷ ಆರ್ಗನ್ ನುಡಿಸಿದವನು. ಅದಕ್ಕಿಂತ ಹೆಚ್ಚಾಗಿ, ಸಂಗೀತ ರಚಿಸಿದವನು. ವಯಸ್ಸಿಗೆ ಬೆಲೆ ಕೊಟ್ಟು ಅವನನ್ನು ‘ಅವರು’ ಎಂದು ಬರೆಯಬೇಕು. ಕೈ ಬರುವುದಿಲ್ಲ.

ಅವನ ಮಗಳಿಗೆ ಎಮರಿವಿಲ್‌ನ ಒಂದು ಕಾರ್ಟೂನ್ ಸ್ಟುಡಿಯೋದಲ್ಲಿ ಕೆಲಸ. ಬೆಳಿಗ್ಗೆ ಫ್ರೀವೇ ಹತ್ತಿದರೆ ಸಂಜೆಗೇ ಮರಳುವುದು. ಅಪ್ಪನ ಬಾಯಿಗೆ ಒಂದು ಕಿವಿ ಬೇಕಾಗಿತ್ತು. ನಾನು ಗೋಡೌನುಗಳ ಯಂತ್ರಗಳಿಗೆ ಮ್ಯಾನ್ಯುಯಲ್ಲು ಬರೆದು ನಿವೃತ್ತಳಾದವಳು ಎಂದು ತಿಳಿದದ್ದೇ ಆಕೆ ಬಾಗಿಲು ತಟ್ಟಿದಳು: ಅಪ್ಪನ ಜೀವನ ಮತ್ತು ಕೃತಿಗಳ ಬಗ್ಗೆ ಒಂದು ಪುಸ್ತಕ ಬರೆದುಕೊಡುತ್ತೀರಾ? ನಾನು ಒಪ್ಪಿಕೊಂಡೆ. ಕರುಣೆಯಿಂದಲ್ಲ. ಜೀವಮಾನವೆಲ್ಲ ‘ಕೈ ಒಳಗೆ ಹಾಕಬೇಡಿ’ ಎಂದು ಬರೆದವಳಿಗೆ ಪುಸ್ತಕದ ಮೇಲೆ ತನ್ನ ಹೆಸರು ನೋಡುವ ಚಪಲ.

ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನು ಮೇಲೆ ಬರುತ್ತಿದ್ದ. ಅಡಿಗೆಮನೆಯ ಮೇಜಿನ ಒಂದು ತುದಿಯಲ್ಲಿ ನನ್ನ ಲ್ಯಾಪ್‌ಟಾಪು, ಇನ್ನೊಂದು ತುದಿಯಲ್ಲಿ ನನ್ನ ಅವ್ವ ಮೆಂತ್ಯಸೊಪ್ಪು ಸೋಸುತ್ತ ಕೂತಿರುತ್ತಿದ್ದಳು. ಧಾರವಾಡದಿಂದ ಬಂದು ನನ್ನ ಜೊತೆ ಇರುವ ಅವ್ವನಿಗೆ ಇಂಗ್ಲಿಷು ಬರದು. ಮಾಯೆಸ್ಟ್ರೊ ಎಂಬುದು ಅವಳ ಕಿವಿಗೆ ಮಾಸ್ತರ ಎಂದೇ ಬಿತ್ತು.

“ಏನ್ ಬಾರಸ್ತಾನ ಮಾಸ್ತರ?” ಎಂದು ಕೇಳಿದಳು.

“ದೊಡ್ಡ ಪೇಟಿ ಅನ್ನವ್ವ. ಎರಡು ಮಾಳಿಗಿ ಎತ್ತರ. ಕಾಲಿಲೇನೂ ಬಾರಸಬೇಕು.”

“ನಿಮ್ಮಪ್ಪಂದೂ ಕಾಲಪೇಟಿನ ಇತ್ತು” ಎಂದು ಅವ್ವ ಸೊಪ್ಪಿನ ಕಡೆ ತಿರುಗಿದಳು. ನನ್ನಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವನು, ಪೇಟಿ ಮಾಸ್ತರ. ಅವ್ವನ ಪಾಲಿಗೆ ಎರಡು ಮಾಳಿಗೆ ಹೆಚ್ಚೇನೂ ಆಗಲಿಲ್ಲ.

ಅವನ ಜೀವನ ಹೀಗಿತ್ತು: ಕಲ್ಲುಕುಟಿಗನ ಮಗ. ಹತ್ತನೆಯ ವಯಸ್ಸಿಗೆ ಊರಿನ ಪಾದ್ರಿ ಆರ್ಗನ್ ಮುಂದೆ ಕೂರಿಸಿದ. ಇಪ್ಪತ್ನಾಲ್ಕಕ್ಕೆ ಇನ್ನಿಬ್ಬರನ್ನು ಸೋಲಿಸಿ ಕೆಥೀಡ್ರಲ್ಲಿನ ಕೆಲಸ ಪಡೆದ. ಈ ಗೆಲುವನ್ನು ಬರೆಸುವುದಕ್ಕೇ ಎರಡು ದಿನ ಹಿಡಿಯಿತು. ಸೋತವರಲ್ಲಿ ಒಬ್ಬನಿಗೆ ಆ ದಿನ ಜ್ವರವಿತ್ತು ಎಂಬುದು ಮೂರನೆಯ ದಿನ ಬಾಯಿತಪ್ಪಿ ಹೊರಬಂತು. ಅಲ್ಲಿಂದ ಮುಂದೆ ಅಧ್ಯಾಯಕ್ಕೊಬ್ಬ ಶತ್ರು. ಒಬ್ಬ ಬಿಷಪ್ಪನಿಗೆ ಕಿವಿ ಕೇಳದು, ಇನ್ನೊಬ್ಬನಿಗೆ ಊಟದ ಅವಸರ, ಮೂರನೆಯವನು ಗಿಟಾರಿನವರನ್ನು ಒಳಗೆ ಬಿಟ್ಟ. ಎಲ್ಲರಿಗಿಂತ ದೊಡ್ಡ ಶತ್ರು ಜನ. ಪೂಜೆ ಮುಗಿದ ಮೇಲೆ ಅವನು ತನ್ನ ಅತ್ಯುತ್ತಮವಾದದ್ದನ್ನು ನುಡಿಸುವಾಗ ಅವರು ಹರಟುತ್ತ ಹೊರಗೆ ಹೋಗುತ್ತಿದ್ದರಂತೆ. ಆರ್ಗನ್ ನುಡಿಸುವವನ ಬೆನ್ನು ಜನರ ಕಡೆ, ಅದಕ್ಕೆ ಎದುರಿಗೊಂದು ಕನ್ನಡಿ.

“ಮೂವತ್ತೈದು ವರ್ಷ ಆ ಕನ್ನಡಿಯಲ್ಲಿ ಬರೀ ಬೆನ್ನು ನೋಡಿದ್ದೇನೆ, ಬರೆದುಕೋ” ಎಂದ.

ಬರೆದುಕೊಂಡೆ. ಕೃತಿಗಳನ್ನೂ ಬರೆದುಕೊಂಡೆ. ಪ್ರತಿಯೊಂದಕ್ಕೂ ನಂಬರು. ತಂಗಿಯ ಮಗಳ ಮದುವೆಗೆ ನುಡಿಸಿದ ಅರ್ಧ ಪುಟಕ್ಕೂ ನಂಬರು. ಕೇಳಿ ಮೆಚ್ಚಿದವರು ಯಾರು ಎಂದರೆ ಮುಂದಿನ ನಂಬರಿಗೆ ಹೋಗುತ್ತಿದ್ದ.

ಹೀಗೆ ಎರಡು ತಿಂಗಳಾದ ಮೇಲೆ ಒಂದು ದಿನ ಅವ್ವ, “ಹೇಂತಿ ಇರಲಿಲ್ಲೇನ ಇವಗ? ಕೇಳು” ಎಂದಳು. ಅಷ್ಟು ದಿನ ನನಗೇ ಹೊಳೆದಿರಲಿಲ್ಲ. ಕೇಳಿದೆ.

“ಇದ್ದಳು. ಒಳ್ಳೆಯ ಹೆಂಗಸು” ಎಂದ. “ಮೊದಲ ಎರಡು ವರ್ಷ ಕೆಥೀಡ್ರಲ್ಲಿಗೆ ಬಂದಳು. ಆಮೇಲೆ ಭಾನುವಾರ ಬೇರೆ ಚರ್ಚಿಗೆ ಹೋಗತೊಡಗಿದಳು” ಎಂದು ಸೇರಿಸಿದ.

“ಯಾಕೆ?”

“ಅಲ್ಲಿ ಆರ್ಗನ್ ಇರಲಿಲ್ಲ.”

ಅವ್ವನಿಗೆ ಹೇಳಿದೆ. ಅವ್ವ ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಶಾಣ್ಯಾಕಿ ಇದ್ದಳವಾ ಆಕಿ! ಇದನ್ನ ಬರಿ. ಉಳಿದದ್ದು ಬರೀದಿದ್ರೂ ನಡೀತೈತಿ.”

ಮುದುಕ ಮುಖ ಗಂಟಿಕ್ಕಿ, ಇದು ಪುಸ್ತಕಕ್ಕಲ್ಲ ಎಂದು ಎದ್ದುಹೋದ. ಅವ್ವ ಮಾತ್ರ ನಿಲ್ಲಿಸಲಿಲ್ಲ. “ನಿಮ್ಮಪ್ಪಂದೂ ಇದ ಬಾಳೇ. ನಾ ಅವರ ನಾಟಕ ಎಷ್ಟು ನೋಡೀನಿ ಅಂತಿ? ಒಂದ.”

“ಅಪ್ಪ ಎಷ್ಟು ಹಾಡಿಗೆ ರಾಗ ಹಾಕಿದ್ದ, ಅವ್ವ?”

“ಎಲ್ಲಿ ರಾಗ ಹಾಕಿದ್ರು? ಬ್ಯಾರೆ ಕಂಪನಿ ಹಾಡು ಕೇಳಿ ಬಂದು ಎರಡು ಸ್ವರ ಆಕಡೆ ಈಕಡೆ ಮಾಡ್ತಿದ್ರು. ಪರದೆ ಏಳೂತನಕ ಇವರು ಬಾರಸೂದು, ಜನ ಶೇಂಗಾ ತಿನ್ನೂದು.”

ಇಲ್ಲಿನ ಕನ್ನಡದವರ ಕೂಟಗಳಲ್ಲಿ ನಾನು ಇಪ್ಪತ್ತು ವರ್ಷದಿಂದ ನನ್ನಪ್ಪನನ್ನು ‘ರಂಗಸಂಗೀತದ ಸಂಯೋಜಕರು’ ಎಂದು ಪರಿಚಯಿಸುತ್ತ ಬಂದಿದ್ದೇನೆ. ಎದುರಿನವರು ‘ಓ, ಗ್ರೇಟು’ ಎನ್ನುತ್ತಾರೆ, ಪಲಾವು ಬಡಿಸಿಕೊಳ್ಳುತ್ತಾರೆ. ಆ ದಿನ ಅವ್ವನ ಮೇಲೆ ಸಿಟ್ಟು ಬಂತು. ಕೆಳಗಿನ ಮನೆಯ ಮುದುಕನ ಬಡಾಯಿಗೆ ಮೂಗು ಮುರಿಯುತ್ತಿದ್ದ ನಾನು ಅದೇ ಅಂಗಡಿಯ ಸರಕನ್ನೇ ಮಾರುತ್ತಿದ್ದೆ ಎಂಬುದು ಸಿಟ್ಟು ಇಳಿದ ಮೇಲೆ ತಿಳಿಯಿತು.

ಬೇಸಿಗೆಯಲ್ಲಿ ಮುದುಕನ ಮಗಳು ಪಕ್ಕದೂರು ನೆವಾರ್ಕ್‌ನ ಒಂದು ಚರ್ಚಿನವರನ್ನು ಒಪ್ಪಿಸಿ ಭಾನುವಾರ ಮಧ್ಯಾಹ್ನ ಅಪ್ಪನ ಕಛೇರಿ ಇಡಿಸಿದಳು. ಅಲ್ಲಿನದು ಕೊಳವೆಯಿಲ್ಲದ, ಕರೆಂಟಿನ ಆರ್ಗನ್. ಅದನ್ನು ನೋಡಿ ಅವನು, “ಬ್ರೆಡ್ಡು ಸುಡುವ ಡಬ್ಬಿ” ಎಂದು ಅಲ್ಲಿಯ ಪಾದ್ರಿಗೆ ಕೇಳುವಂತೆಯೇ ಹೇಳಿದ. ನನ್ನ ಅವ್ವನೂ ಸೇರಿ ಇಪ್ಪತ್ತು ಜನ ಬಂದಿದ್ದರು. ನಾನು ಎದ್ದು ನಿಂತು ಪರಿಚಯ ಓದಿದೆ. ‘ಅಪ್ರತಿಮ’ ಎಂಬ ಅರ್ಥದ ಪದವನ್ನು ಮೂರು ಸಲ ಬಳಸಿದ್ದೆ, ನಾಚಿಕೆಯಿಲ್ಲದೆ.

ಅವನು ನುಡಿಸಿದ್ದು ಏಳು ಭಾಗಗಳ ಒಂದೇ ಕೃತಿ. ತನ್ನ ನಿವೃತ್ತಿಗೆ ತಾನೇ ಬರೆದುಕೊಂಡದ್ದು. ಮೊದಲ ಭಾಗದಲ್ಲಿ ಗುಡುಗು, ಎರಡನೆಯದರಲ್ಲಿ ಇನ್ನೂ ಗುಡುಗು. ನಾಲ್ಕನೆಯದು ಶುರುವಾಗುವ ಹೊತ್ತಿಗೆ ಹನ್ನೊಂದು ಜನ ಉಳಿದಿದ್ದೆವು, ಅದರಲ್ಲಿ ಇಬ್ಬರು ಫೋನು ನೋಡುತ್ತಿದ್ದರು. ಆ ಆರ್ಗನ್ನಿಗೆ ಕನ್ನಡಿಯಿರಲಿಲ್ಲ, ಅವನ ಅದೃಷ್ಟ. ಆರನೆಯ ಭಾಗದ ಮಧ್ಯೆ ಚರ್ಚಿನ ಹೆಂಗಸೊಬ್ಬಳು ಬಂದು ಮಗಳ ಕಿವಿಯಲ್ಲಿ ಏನೋ ಹೇಳಿದಳು. ನಾಲ್ಕು ಗಂಟೆಗೆ ಒಂದು ಮಗುವಿನ ನಾಮಕರಣವಿತ್ತು, ಆ ಮನೆಯವರು ಆಗಲೇ ಬಲೂನು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಏಳನೆಯ ಭಾಗ ಹಾಗೇ ಉಳಿಯಿತು.

ಎಲ್ಲರೂ ಏಳುತ್ತಿದ್ದಂತೆ ಮುದುಕನ ಕೈ ತನ್ನಷ್ಟಕ್ಕೆ ಇನ್ನೇನನ್ನೋ ಶುರುಮಾಡಿತು. ಎದುರಿಗೆ ಹಾಳೆಯಿಲ್ಲ, ಗುಡುಗಿಲ್ಲ. ಒಂದೇ ಸಾಲಿನ ಸಣ್ಣ ರಾಗ ಮೇಲೆ ಹೋಗಿ, ಒಂದು ಕಡೆ ನಿಂತು, ಹಗುರಾಗಿ ಕೆಳಗಿಳಿಯುತ್ತಿತ್ತು. ಎರಡು ನಿಮಿಷವಾಗಿರಬಹುದು. ಬಾಗಿಲವರೆಗೆ ಹೋಗಿದ್ದ ಅವ್ವ ಹಿಂದಕ್ಕೆ ಬಂದು ಕೊನೆಯ ಬೆಂಚಿನಲ್ಲಿ ಕೂತಳು. ಬಲೂನಿನವರೂ ಸದ್ದು ನಿಲ್ಲಿಸಿದರು.

ಹೊರಗೆ ಪಾರ್ಕಿಂಗಿನಲ್ಲಿ ಅವನು ನೇರ ಅವ್ವನ ಬಳಿಗೇ ಬಂದು, “ತಾಯಿ ಏನಂದರು?” ಎಂದು ನನ್ನನ್ನು ಕೇಳಿದ.

“ಉದ್ದಂದು ಬ್ಯಾಡ ಅನ್ನು. ಕಡೀಕ ಸಣ್ಣದು ಬಾರಸಿದನಲ್ಲ, ಅದು ಭಾಳ ಚಲೋ ಇತ್ತು” ಎಂದಳು ಅವ್ವ.

ಅಷ್ಟು ದಿನ ಇವರಿಬ್ಬರ ನಡುವೆ ಮಾತು ದಾಟಿಸುವಾಗ ನಾನು ಸಕ್ಕರೆ ಬೆರೆಸುತ್ತಿದ್ದೆ. ಆ ದಿನ ಇದ್ದದ್ದು ಇದ್ದಂತೆ ಹೇಳಿದೆ.

“ಅದು ಕೃತಿಯೇ ಅಲ್ಲ” ಎಂದ ಅವನು, ಮುಖ ಕೆಂಪಾಗಿತ್ತು. “ನಮ್ಮ ಮುದಿ ಬಿಷಪ್ಪನಿಗೆ ಮಂಡಿನೋವು. ಅವನು ಪೀಠದ ಮೆಟ್ಟಿಲು ಹತ್ತುವ ತನಕ ಹೊತ್ತು ಕಳೆಯುವುದಕ್ಕೆ ನುಡಿಸುತ್ತಿದ್ದದ್ದು. ಅದಕ್ಕೆ ನಂಬರೂ ಇಲ್ಲ. ಈಕೆಗೇನು ಗೊತ್ತು ಸಂಗೀತ?”

“ಏನಂದಾ?”

“ನಿನಗೇನ ಗೊತ್ತು ಅಂತಾನವ್ವ.”

“ನಲವತ್ತು ವರ್ಷ ಮನ್ಯಾಗ ಪೇಟಿ ಕೇಳೇನಿ. ಬಾರಸೂದು ಎಲ್ಲೆ ಬಿಡಬೇಕು ಅನ್ನೂದಾದ್ರೂ ಗೊತ್ತೈತಿ ಅನ್ನು.”

ಅವನು ಹಾಳೆಗಳ ಚೀಲವನ್ನು ಎದೆಗವಚಿಕೊಂಡು ಮಗಳ ಕಾರು ಹತ್ತಿದ.

ಮುಂದಿನ ಮಂಗಳವಾರ ಬರಲಿಲ್ಲ, ಶುಕ್ರವಾರವೂ ಇಲ್ಲ. ನಾನು ಮರುಗಿದೆ. ಮುದುಕನ ಮನಸ್ಸು ನೋಯಿಸಿದೆವಲ್ಲ ಎಂದು ಒಂದು ಡಬ್ಬಿಯಲ್ಲಿ ಉಪ್ಪಿಟ್ಟು ಹಾಕಿಕೊಂಡು ಕೆಳಗೆ ಹೋಗುವ ಯೋಚನೆಯನ್ನೂ ಮಾಡಿದೆ. ಅನುಕಂಪ ವ್ಯರ್ಥವಾಯಿತು. ಮೂರನೆಯ ವಾರ ಅವನೇ ಮೇಲೆ ಬಂದು, ಇಬ್ಬರೂ ಕೆಳಗೆ ಬನ್ನಿ ಎಂದ, ಮುಖದಲ್ಲಿ ಗೆದ್ದವನ ಕಳೆ. ಅವನ ಮಗಳ ಮನೆಯಲ್ಲೊಂದು ಕೀಬೋರ್ಡಿತ್ತು. ಎದುರಿಗೆ ಹೊಸ ಹಾಳೆಗಳ ಕಟ್ಟು. ಆ ಸಣ್ಣ ರಾಗವನ್ನು ಅವನು ಇಪ್ಪತ್ತು ನಿಮಿಷಕ್ಕೆ ಎಳೆದಿದ್ದ. ನಂಬರು ಹಾಕಿದ್ದ. ಮೊದಲ ಎರಡು ನಿಮಿಷ ಚೆನ್ನಾಗಿತ್ತು. ಆಮೇಲೆ ಗುಡುಗು.

ಅವ್ವ ಕೊನೆಯವರೆಗೂ ಕೂತಳು. ಮುಗಿದ ಮೇಲೆ ಮಂಡಿ ಹಿಡಿದು ಎದ್ದು, “ಕೆಡಿಸಿದಾ” ಎಂದಳು. ಅನುವಾದ ಬೇಕಾಗಲಿಲ್ಲ. ಅವನಿಗೂ ಅದು ಅರ್ಥವಾಯಿತು, ಆದರೆ ತಾಕಲಿಲ್ಲ. ಪಟ್ಟಿಯ ಕೊನೆಗೆ ಇದನ್ನು ಸೇರಿಸು ಎಂದು ನನಗೆ ಅಪ್ಪಣೆ ಮಾಡಿದ.

ಪುಸ್ತಕ ಅಚ್ಚಾಗಿ ಮೂವತ್ತು ಪ್ರತಿ ಬಂತು. ನನ್ನ ಹೆಸರು ಕೊನೆಯ ಪುಟದಲ್ಲಿ, ಕನ್ನಡಕ ಹಾಕಿಕೊಂಡರೆ ಕಾಣುವಷ್ಟು. ಈಗ ಅವನು ಎರಡನೆಯ ಸಂಪುಟ ಹಿಡಿದಿದ್ದಾನೆ. ನನಗೆ ಪುರುಸೊತ್ತಿಲ್ಲ ಎಂದೆ, ಸುಳ್ಳು. ಬರೆದುಕೊಳ್ಳಲು ಅವನಿಗೆ ಪಕ್ಕದ ಬಿಲ್ಡಿಂಗಿನಲ್ಲಿರುವ ಮೈಸೂರಿನ ನಿವೃತ್ತ ಡಾಕ್ಟರೊಬ್ಬರು ಸಿಕ್ಕಿದ್ದಾರೆ, ತುಂಬ ಸಹನೆಯ ಮನುಷ್ಯ. ಮೊನ್ನೆ ಗ್ರೋಸರಿ ಅಂಗಡಿಯಲ್ಲಿ ಸಿಕ್ಕಾಗ ಕೊತ್ತಂಬರಿ ಕಟ್ಟನ್ನು ಕೈಯಲ್ಲಿ ತಿರುಗಿಸುತ್ತ, “ಏನ್ ಎಕ್ಸ್‌ಪೀರಿಯೆನ್ಸು ರೀ ಅವರದ್ದು! ನಮ್ಮ ಪುಣ್ಯ” ಎಂದರು. ಮುದುಕ ಮತ್ತೆ ಮೊದಲಿಂದ ಶುರುಮಾಡಿದ್ದಾನೆ, ಇನ್ನೂ ಮೊದಲನೆಯ ಬಿಷಪ್ಪನಲ್ಲಿದ್ದಾರಂತೆ.